ಸ್ಟೀರಾಯ್ಡ್ ಬಿಡುವ ದಾರಿ: ಅಡ್ರಿನಲ್ ಗ್ರಂಥಿ, ಸುಸ್ತು ಮತ್ತು ನಿದ್ದೆ

(ಕೀಲುನೋವು, ಆಸ್ತಮಾ, ಚರ್ಮರೋಗಗಳಿಗೆ ಬಹಳ ಕಾಲ ಔಷಧಿ ತೆಗೆದುಕೊಂಡವರಿಗೂ ಅವರ ಮನೆಯವರಿಗೂ ಹಾಸನದಲ್ಲಿ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತು ನಾನು ಹೇಳುವುದನ್ನು ಕೇಳಿ ಯಾರೂ ಮನೆಗೆ ಹೋಗಿ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ ಅಂತ ನಿಲ್ಲಿಸಬೇಡಿ. ನಾನು ಇಲ್ಲಿಗೆ ಬಂದಿರುವುದೇ ಅದನ್ನು ಹೇಳೋಕೆ. ಸ್ಟೀರಾಯ್ಡ್ ಕೆಟ್ಟದ್ದು ಅನ್ನುವ ಮಾತು ಈಗ ಊರೂರಿಗೂ ತಲುಪಿದೆ. ಅದನ್ನು ಬಿಡುವುದಕ್ಕೂ ಒಂದು ಕ್ರಮ ಇದೆ ಅನ್ನುವ ಮಾತು ಇನ್ನೂ ತಲುಪಿಲ್ಲ. ಆಸ್ಪತ್ರೆಗೆ ಪ್ರಜ್ಞೆ ತಪ್ಪಿ ಬರುವವರಲ್ಲಿ ಕೆಲವರು ಮಾತ್ರೆ ತಿಂದದ್ದಕ್ಕಲ್ಲ, ಬಿಟ್ಟದ್ದಕ್ಕೆ ಬರುತ್ತಾರೆ.

ಈ ಔಷಧಿಯ ಹುಟ್ಟಿನ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇವತ್ತಿನ ತೊಂದರೆಯ ಬೀಜ ಅಲ್ಲೇ ಇದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಅಲ್ಲಿಯವರೆಗೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್ ಅವರಿಗೂ ಎಡ್ವರ್ಡ್ ಕೆಂಡಾಲ್, ಟಾಡಿಯಸ್ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಬಹುಮಾನ ಬಂತು. ಅದರ ಬೆನ್ನಿಗೇ, 1952ರಲ್ಲಿ, ಇನ್ನೊಂದು ವರದಿ ಬಂತು. ತಿಂಗಳುಗಟ್ಟಲೆ ಕಾರ್ಟಿಸೋನ್ ತಿಂದಿದ್ದ ಒಬ್ಬ ಯುವಕನಿಗೆ ಸೊಂಟದ ಕೀಲಿನ ಆಪರೇಷನ್ ಆಯಿತು. ಅದಕ್ಕೆ ಮುಂಚೆ ಮಾತ್ರೆ ನಿಲ್ಲಿಸಿದ್ದರು. ಆಪರೇಷನ್ ಆದಮೇಲೆ ಬಿ.ಪಿ. ಕುಸಿಯಿತು, ಏನು ಮಾಡಿದರೂ ಮೇಲೇಳಲಿಲ್ಲ, ಆತ ತೀರಿಕೊಂಡ. ನೋಡಿದರೆ ಅಡ್ರಿನಲ್ ಗ್ರಂಥಿಗಳು ಒಣಗಿ ಸಣ್ಣಗಾಗಿದ್ದವು. ಅಂದರೆ ಈ ಅಪಾಯ ವೈದ್ಯಲೋಕಕ್ಕೆ ಎಪ್ಪತ್ತು ವರ್ಷದಿಂದಲೂ ಗೊತ್ತು. ಮಾತ್ರೆ ನುಂಗುವವರಿಗೆ ಮಾತ್ರ ಇನ್ನೂ ಸರಿಯಾಗಿ ಗೊತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಅಡ್ರಿನಲ್ ಅಂದರೆ ಎರಡು ಪುಟ್ಟ ಗ್ರಂಥಿಗಳು. ಒಂದೊಂದು ಕಿಡ್ನಿಯ ತಲೆಯ ಮೇಲೆ ಒಂದೊಂದು ಕೂತಿರುತ್ತದೆ. ತೂಕ 4–5 ಗ್ರಾಂ, ಅಷ್ಟೇ. ಅಲ್ಲಿ ತಯಾರಾಗುವ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಇಲ್ಲದೆ ನಾವು ಬದುಕೋಕೆ ಆಗುವುದಿಲ್ಲ. ಬಿ.ಪಿ. ಕುಸಿಯದಂತೆ ನೋಡಿಕೊಳ್ಳುವುದು, ಹೊಟ್ಟೆ ಖಾಲಿ ಇದ್ದಾಗ ರಕ್ತದಲ್ಲಿ ಸಕ್ಕರೆ ಕಾಪಾಡುವುದು, ಜ್ವರ, ಪೆಟ್ಟು, ಆಪರೇಷನ್ ಇಂಥವು ಬಂದಾಗ ದೇಹವನ್ನು ನಿಲ್ಲಿಸಿಕೊಳ್ಳುವುದು, ಎಲ್ಲಕ್ಕೂ ಅದು ಬೇಕು. ಅದಕ್ಕೊಂದು ದಿನಚರಿಯೂ ಇದೆ. ಬೆಳಗಿನ ಜಾವ ಎರಡು ಮೂರು ಗಂಟೆಗೆ ಏರೋಕೆ ಶುರುವಾಗಿ, ನಾವು ಏಳುವ ಹೊತ್ತಿಗೆ, ಏಳು ಎಂಟು ಗಂಟೆಗೆ, ತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತಾ ಬಂದು ನಡುರಾತ್ರಿಗೆ ತೀರಾ ಕೆಳಗಿರುತ್ತದೆ. ಈ ಏರಿಳಿತವನ್ನು ನೆನಪಿಟ್ಟುಕೊಳ್ಳಿ, ನಿದ್ದೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವುದು ಮೆದುಳು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಅನ್ನುವ ಸಂದೇಶ ಬರುತ್ತದೆ, ಅಡ್ರಿನಲ್ ಕಾರ್ಟಿಸಾಲ್ ಸುರಿಸುತ್ತದೆ. ರಕ್ತದಲ್ಲಿ ಸಾಕಷ್ಟಿದೆ ಅಂತ ಕಂಡರೆ ಮೆದುಳು ಸುಮ್ಮನಾಗುತ್ತದೆ. ಸ್ಟೀರಾಯ್ಡ್ ಮಾತ್ರೆ ಮಾಡುವುದೂ ಈ ಕಾರ್ಟಿಸಾಲ್‌ನ ಕೆಲಸವನ್ನೇ. ಈಗ ಲೆಕ್ಕ ನೋಡಿ. ನಮ್ಮ ದೇಹ ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸುಮಾರು 10 ಮಿಲಿಗ್ರಾಂ. ಅದು 3ರಿಂದ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಗೆ ಸಮ. ಆಸ್ತಮಾ ಉಲ್ಬಣಿಸಿದಾಗ ನಾವು ಕೊಡುವುದು 40 ಮಿಲಿಗ್ರಾಂ. ದಿನಾ ಹೊರಗಿನಿಂದ ಊಟದ ಕ್ಯಾರಿಯರ್ ಬರುತ್ತಿದ್ದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಮೆದುಳು ಸಂದೇಶ ನಿಲ್ಲಿಸುತ್ತದೆ, ಅಡ್ರಿನಲ್ ಕೆಲಸ ಮರೆತು ಕುಗ್ಗುತ್ತದೆ. ನಾಲ್ಕೈದು ದಿನದ ಕೋರ್ಸ್‌ನಿಂದ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಮೂರು ನಾಲ್ಕು ವಾರ ದಾಟಿತು ಅಂದರೆ ಎಚ್ಚರ ಬೇಕು.

"ನಾವು ಸ್ಟೀರಾಯ್ಡ್ ತಿಂದೇ ಇಲ್ಲ ಡಾಕ್ಟ್ರೇ" ಅನ್ನುವವರೇ ಜಾಸ್ತಿ. ನಾನು ಮಾತ್ರೆಯ ಹೆಸರು ಕೇಳುತ್ತೇನೆ. ವೈಸೊಲೋನ್, ಒಮ್ನಾಕಾರ್ಟಿಲ್, ಮೆಡ್ರಾಲ್, ಬೆಟ್ನೆಸಾಲ್, ಡೆಕ್ಸೋನಾ, ಡೆಫ್ಕಾರ್ಟ್, ಇವೆಲ್ಲ ಸ್ಟೀರಾಯ್ಡೇ. ಮಂಡಿಗೆ ಹಾಕಿಸಿಕೊಂಡ ಇಂಜೆಕ್ಷನ್ನೂ ಬಹುಪಾಲು ಅದೇ. ಹುಳಕಡ್ಡಿಗೆ, ಮುಖ ಬೆಳ್ಳಗಾಗೋಕೆ ಅಂತ ಚೀಟಿ ಇಲ್ಲದೆ ಅಂಗಡಿಯಿಂದ ತರುವ ಕೆಲವು ಮುಲಾಮುಗಳಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್ ಅನ್ನುವ ಸ್ಟೀರಾಯ್ಡ್‌ಗಳು ಇರುತ್ತವೆ. ದೊಡ್ಡ ಜಾಗಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಅವೂ ಚರ್ಮದ ಮೂಲಕ ಒಳಗೆ ಇಳಿಯುತ್ತವೆ. ಮಕ್ಕಳಲ್ಲಿ ಇನ್ನೂ ಬೇಗ. ಇನ್ನು ಹೆಸರೇ ಇಲ್ಲದ ಪುಡಿ, ಗುಳಿಗೆಗಳು. ಅವುಗಳ ಬಗ್ಗೆ ಒಂದು ಘಟನೆ ಹೇಳಲೇಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಒಬ್ಬ ಅಜ್ಜಿಯನ್ನು ಮಗ ಎತ್ತಿಕೊಂಡೇ ಒಳಗೆ ತಂದ. ಬಚ್ಚಲಲ್ಲಿ ಬಿದ್ದಿದ್ದರು. ಮಾತಿಲ್ಲ, ಕೈಕಾಲು ತಣ್ಣಗೆ, ಬಿ.ಪಿ. 80ರ ಕೆಳಗೆ, ಶುಗರ್ 58. ಎರಡು ದಿನದಿಂದ ಜ್ವರ, ಭೇದಿ ಅಂದರು. ಅಷ್ಟು ಸಣ್ಣ ಜ್ವರಕ್ಕೆ ಇಷ್ಟು ಕುಸಿದದ್ದು ಯಾಕೆ? ಮುಖ ನೋಡಿದೆ. ತುಂಬಿಕೊಂಡು ಗುಂಡಗಿತ್ತು, ಕೈಕಾಲು ಮಾತ್ರ ಕಡ್ಡಿ. ಮುಂಗೈ ಚರ್ಮ ಎಷ್ಟು ತೆಳ್ಳಗಿತ್ತೆಂದರೆ ಬಿ.ಪಿ. ಪಟ್ಟಿ ಕಟ್ಟಿದ ಕಡೆ ನೀಲಿ ಕಲೆ ಎದ್ದಿತು. ಮಗನನ್ನು ಕೇಳಿದರೆ "ಕೀಲುನೋವಿಗೆ ನಾಟಿ ಔಷಧಿ ಅಷ್ಟೇ" ಅಂದ. ಸೊಸೆ ಚೀಲದಿಂದ ತೆಗೆದು ತೋರಿಸಿದರು. ಹಳೇ ಪೇಪರಿನ ಪೊಟ್ಟಣ, ಒಳಗೆ ಕಂದು ಪುಡಿ, ಅದರ ಜೊತೆಗೆ ಪಟ್ಟಿಯಿಂದ ಬಿಡಿಸಿ ಹೆಸರು ಕಾಣದ ಹಾಗೆ ಮಾಡಿದ ಎರಡು ಸಣ್ಣ ಬಿಳಿ ಮಾತ್ರೆ. ಮೂರು ಹೊತ್ತೂ ಒಂದೊಂದು ಪೊಟ್ಟಣ. ವರ್ಷಗಳಿಂದ ನಡೆದಿತ್ತು, ನೋವೂ ನಿಜಕ್ಕೂ ಕಮ್ಮಿಯಾಗಿತ್ತು. ಬೆಂಗಳೂರಿನಿಂದ ಬಂದ ನೆಂಟರೊಬ್ಬರು "ಇದರಲ್ಲಿ ಸ್ಟೀರಾಯ್ಡ್ ಇರುತ್ತೆ, ಬಿಟ್ಟುಬಿಡಿ ಅತ್ತೆ" ಅಂದಿದ್ದರು. ಅವರು ಹೇಳಿದ್ದು ಸರಿಯೇ. ಅಜ್ಜಿ ಅವತ್ತೇ ಬಿಟ್ಟರು. ಒಂದೆರಡು ವಾರದಲ್ಲಿ ಊಟ ಸೇರದಾಯಿತು, ವಾಕರಿಕೆ, ಎದ್ದರೆ ತಲೆಸುತ್ತು. ಮನೆಯವರು ಪಿತ್ತ ಅಂದುಕೊಂಡರು, ಗ್ಯಾಸ್ಟ್ರಿಕ್ ಮಾತ್ರೆ ತಂದುಕೊಟ್ಟರು. ಆಮೇಲೆ ಈ ಜ್ವರ.

ಕಾರ್ಟಿಸಾಲ್‌ನದೇ ಔಷಧಿ ರೂಪವಾದ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು, ಸಲೈನ್, ಗ್ಲೂಕೋಸ್ ಹಾಕಿದೆವು. ಸಂಜೆ ನಾನು ವಾರ್ಡಿಗೆ ಹೋದಾಗ ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. ಮಗನನ್ನು ಕೇಳುತ್ತಿದ್ದರು, "ಹಸ ಕರೆದೋರು ಯಾರೋ ಇವತ್ತು?" ಇಂಥ ಬೇಗನೆ ಸರಿಹೋಗುವ ತುರ್ತು ಕಾಯಿಲೆ ಕಡಿಮೆ. ಗೊತ್ತಾಗದೆ ಹೋದರೆ ಇಷ್ಟು ಸುಲಭವಾಗಿ ಜೀವ ಹೋಗುವ ಕಾಯಿಲೆಯೂ ಕಡಿಮೆ.

ಆ ನೆಂಟರ ಬಗ್ಗೆ ನನಗೆ ದೂರಿಲ್ಲ. ಅಂಥ ಪೊಟ್ಟಣ ಕೊಡುವವರ ಮೇಲೆ ಮಾತ್ರ ಸಿಟ್ಟಿದೆ. ನೋವಿನಿಂದ ರಾತ್ರಿಯೆಲ್ಲ ನರಳುವವರ ನಂಬಿಕೆಯನ್ನು ಹೀಗೆ ಬಳಸಿಕೊಳ್ಳಬಾರದು. ನಿಮ್ಮ ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಎಸೆಯಬೇಡಿ. ಪೊಟ್ಟಣದ ಸಮೇತ ವೈದ್ಯರ ಹತ್ತಿರ ತನ್ನಿ. ಎಷ್ಟು ದಿನದಿಂದ ತಿಂದಿರಿ ಅನ್ನುವುದನ್ನು ಸಂಕೋಚ ಇಲ್ಲದೆ ಹೇಳಿ. ಅದರಲ್ಲಿ ಎಷ್ಟು ಸ್ಟೀರಾಯ್ಡ್ ಇತ್ತು ಅಂತ ಗೊತ್ತಾಗದಿದ್ದರೂ ಪರವಾಗಿಲ್ಲ. ಅದನ್ನು ನಿಲ್ಲಿಸಿ, ಅದರ ಜಾಗಕ್ಕೆ ಅಳತೆ ಗೊತ್ತಿರುವ ಮಾತ್ರೆ ಕೊಟ್ಟು, ಅಲ್ಲಿಂದ ಇಳಿಸುತ್ತಾ ಬರುತ್ತೇವೆ.

ಇಳಿಸುವುದು ಹೇಗೆ? ಡೋಸ್ ದೊಡ್ಡದಿದ್ದಾಗ ಬೇಗ ಇಳಿಸಬಹುದು. 40ರಿಂದ 30, 30ರಿಂದ 20, ವಾರ ವಾರಕ್ಕೆ, ಮೂಲ ಕಾಯಿಲೆ ಕೆರಳದೆ ಇದ್ದರೆ. 10 ಮಿಲಿಗ್ರಾಂನ ಕೆಳಗೆ ಬಂದಮೇಲೆ ಹೆಜ್ಜೆ ಸಣ್ಣದಾಗಬೇಕು. ಒಂದೋ ಎರಡೂವರೆಯೋ ಮಿಲಿಗ್ರಾಂ ಕಮ್ಮಿ ಮಾಡಿ, ವಾರಗಟ್ಟಲೆ ಅಲ್ಲೇ ನಿಂತು, ಮತ್ತೆ ಕಮ್ಮಿ ಮಾಡುವುದು. 5ರ ಹತ್ತಿರ ಬಂದಾಗ ಇನ್ನೂ ನಿಧಾನ. ಜನಕ್ಕೆ ಬೇಜಾರಾಗುವುದೇ ಇಲ್ಲಿ. "ಇಷ್ಟು ಇಳಿದಿದೆಯಲ್ಲ, ಇನ್ನು ಅರ್ಧ ಮಾತ್ರೆ ಏನು ಲೆಕ್ಕ" ಅಂತ ಬಿಟ್ಟುಬಿಡುತ್ತಾರೆ. ಅಡ್ರಿನಲ್ ಏಳಬೇಕಾದದ್ದು ಆ ಕೊನೆಯ ಅರ್ಧ ಮಾತ್ರೆಯ ಕಾಲದಲ್ಲೇ. ಮೊದಲು ಮೆದುಳಿನ ಸಂದೇಶ ವಾಪಸ್ ಬರುತ್ತದೆ, ಅದಾದಮೇಲೆ ಗ್ರಂಥಿ ನಿಧಾನವಾಗಿ ಚೇತರಿಸುತ್ತದೆ. ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ಆರು ತಿಂಗಳು, ವರ್ಷ. ಸ್ವಲ್ಪ ಜನರಿಗೆ ಅದಕ್ಕೂ ಜಾಸ್ತಿ.

ಎದ್ದಿದೆಯೋ ಇಲ್ಲವೋ ಅಂತ ನೋಡೋಕೆ ಒಂದು ಸರಳ ರಕ್ತಪರೀಕ್ಷೆ ಇದೆ. ಬೆಳಗ್ಗೆ ಎಂಟರಿಂದ ಒಂಬತ್ತರ ಒಳಗೆ ಕಾರ್ಟಿಸಾಲ್ ನೋಡುವುದು. ಮಧ್ಯಾಹ್ನ ಕೊಟ್ಟ ರಕ್ತದಿಂದ ಏನೂ ತಿಳಿಯುವುದಿಲ್ಲ. ಆವತ್ತಿನ ಪ್ರೆಡ್ನಿಸೊಲೋನ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು, ಇಲ್ಲದಿದ್ದರೆ ಪರೀಕ್ಷೆ ಮಾತ್ರೆಯನ್ನೇ ಕಾರ್ಟಿಸಾಲ್ ಅಂತ ಎಣಿಸಿಬಿಡುತ್ತದೆ. 2024ರಲ್ಲಿ ಯುರೋಪ್ ಮತ್ತು ಅಮೆರಿಕದ ಹಾರ್ಮೋನ್ ತಜ್ಞರ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಎದ್ದಿದೆ, ಮಾತ್ರೆ ನಿಲ್ಲಿಸಬಹುದು. 5ಕ್ಕಿಂತ ಕಮ್ಮಿ ಇದ್ದರೆ ಇನ್ನೂ ಇಲ್ಲ, ಅದೇ ಸಣ್ಣ ಡೋಸ್ ಮುಂದುವರಿಸಿ ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕು. ನಡುವೆ ಇದ್ದರೆ ಡೋಸ್ ಮುಂದುವರಿಸಿ ವಾರಗಳ ನಂತರ ಮತ್ತೊಮ್ಮೆ ನೋಡುತ್ತೇವೆ. ಕೆಲವರಿಗೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡಬೇಕಾಗುತ್ತದೆ.

ಇದೆಲ್ಲ ನಡೆಯುವಾಗ ಸುಸ್ತು, ಮೈಕೈ ನೋವು, ಮನಸ್ಸು ಕುಗ್ಗುವುದು ಇರುತ್ತವೆ. ಕಾರ್ಟಿಸಾಲ್ ಸಾಕಷ್ಟಿದ್ದರೂ ಇರಬಹುದು. ಜಾಸ್ತಿ ಡೋಸ್‌ಗೆ ಒಗ್ಗಿದ ದೇಹ ಕಡಿಮೆಗೆ ಒಗ್ಗಲು ಪಡುವ ಪಾಡು ಅದು. ಒಂದು ಹೆಜ್ಜೆ ಹಿಂದೆ ಹೋಗಿ, ಸ್ವಲ್ಪ ನಿಂತು, ಮತ್ತೆ ಇಳಿದರೆ ಬಹಳ ಜನರಿಗೆ ಸರಿಹೋಗುತ್ತದೆ. ಮನೆಯವರಿಗೆ ನನ್ನದೊಂದು ಬೇಡಿಕೆ. "ಸೋಮಾರಿತನ" ಅನ್ನಬೇಡಿ. ಚಕ್ಕಳಮಕ್ಕಳ ಕೂತವರು ಕೈ ಊರದೆ ಏಳೋಕೆ ಆಗದಿರುವುದು ಸ್ಟೀರಾಯ್ಡ್‌ನಿಂದ ತೊಡೆಯ ಸ್ನಾಯು ಕರಗಿರುವುದರ ಗುರುತು. ಅವರು ಬೇಕಂತ ಮಾಡುತ್ತಿಲ್ಲ.

ಈಗ ಜೀವ ಉಳಿಸುವ ಮಾತಿಗೆ ಬರುತ್ತೇನೆ. ಇದೊಂದನ್ನು ಬರೆದುಕೊಂಡು ಹೋದರೂ ನಾನು ಬಂದದ್ದು ಸಾರ್ಥಕ.

ಆರೋಗ್ಯವಾಗಿರುವವರಿಗೆ ಜ್ವರ ಬಂದರೆ ಅಡ್ರಿನಲ್ ತಾನೇ ಜಾಸ್ತಿ ಕಾರ್ಟಿಸಾಲ್ ಸುರಿಸುತ್ತದೆ. ಮಲಗಿರುವ ಅಡ್ರಿನಲ್‌ಗೆ ಅದು ಸಾಧ್ಯವಿಲ್ಲ. ಹಾಗಾಗಿ ಜ್ವರ ಬಂದ ಎರಡು ಮೂರು ದಿನ ಡೋಸ್ ಜಾಸ್ತಿ ಮಾಡಿಕೊಳ್ಳಬೇಕಾಗುತ್ತದೆ, ಸಾಮಾನ್ಯವಾಗಿ ದುಪ್ಪಟ್ಟು. ನಿಮಗೆ ಎಷ್ಟು ಅನ್ನುವುದನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ, ನಡುರಾತ್ರಿ ಜ್ವರ ಬಂದಾಗ ಯಾರನ್ನೂ ಕೇಳೋಕೆ ಆಗುವುದಿಲ್ಲ. ಮಾತ್ರೆ ವಾಂತಿಯಾಗಿ ಹೋಯಿತು, ಮತ್ತೆ ಕೊಟ್ಟರೂ ನಿಲ್ಲಲಿಲ್ಲ ಅಂದರೆ ಮನೆಯಲ್ಲಿ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಹೆರಿಗೆ, ಆಪರೇಷನ್, ಎಂಡೋಸ್ಕೋಪಿ, ದೊಡ್ಡ ಹಲ್ಲಿನ ಚಿಕಿತ್ಸೆ, ಯಾವುದಕ್ಕೇ ಹೋದರೂ ಮೊದಲೇ ಹೇಳಿ. ಮಾತ್ರೆ ನಿಲ್ಲಿಸಿ ತಿಂಗಳುಗಳಾಗಿದ್ದರೂ ಹೇಳಿ. ವರ್ಷದವರೆಗೂ ಇದು ಮುಖ್ಯ. ಬ್ರಿಟನ್‌ನಲ್ಲಿ ಇಂಥವರಿಗೆ ಒಂದು ಎಚ್ಚರಿಕೆ ಕಾರ್ಡ್ ಕೊಡುತ್ತಾರೆ. ನೀವು ಅದಕ್ಕೆ ಕಾಯಬೇಕಿಲ್ಲ. ಆಧಾರ್ ಕಾರ್ಡಿನ ಹಿಂದೆ ಒಂದು ಚೀಟಿ ಇಡಿ: ಹೆಸರು, ಯಾವ ಸ್ಟೀರಾಯ್ಡ್, ಎಷ್ಟು, ಎಂದಿನಿಂದ, ಕುಸಿದು ಬಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಕೊಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ.

ನಮ್ಮ ಕಡೆ ಮರೆಯಬಾರದ್ದು ಟಿ.ಬಿ. ಔಷಧಿ. ಅದರಲ್ಲಿರುವ ರಿಫಾಂಪಿಸಿನ್ ದೇಹದಲ್ಲಿ ಸ್ಟೀರಾಯ್ಡನ್ನು ಬೇಗ ಕರಗಿಸಿ ಹಾಕುತ್ತದೆ. ತಿನ್ನುವ ಮಾತ್ರೆ ಅಷ್ಟೇ ಇದ್ದರೂ ಸಾಲದೆ ಬರುತ್ತದೆ. ಹುಳಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಇದಕ್ಕೆ ಉಲ್ಟಾ, ಕೆಲವು ಸ್ಟೀರಾಯ್ಡ್‌ಗಳನ್ನು ಒಳಗೇ ಉಳಿಸುತ್ತದೆ. ಇನ್‌ಹೇಲರ್ ಸ್ಟೀರಾಯ್ಡ್ ಕೂಡ ಆಗ ಜಾಸ್ತಿಯಾಗಬಹುದು. ಎರಡು ಬೇರೆ ಬೇರೆ ಡಾಕ್ಟರ ಹತ್ತಿರ ತೋರಿಸುವವರು ಎರಡೂ ಚೀಟಿ ಇಬ್ಬರಿಗೂ ತೋರಿಸಿ.

ಇನ್ನು ಟಾನಿಕ್‌ಗಳ ವಿಷಯ. ಸುಸ್ತು ಅಂತ ಮೊಬೈಲಿನಲ್ಲಿ ಹುಡುಕಿದರೆ "ಅಡ್ರಿನಲ್ ಫಟೀಗ್" ಅನ್ನುವ ಕಾಯಿಲೆ ಸಿಗುತ್ತದೆ. ಜೊತೆಗೆ ಅದಕ್ಕೊಂದು ಬಾಟಲಿ. ಒತ್ತಡದಿಂದ ಅಡ್ರಿನಲ್ ದಣಿಯುತ್ತದೆ ಅನ್ನುವ ಈ ಮಾತು 1998ರಿಂದ ಓಡಾಡುತ್ತಿದೆ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಸಂಶೋಧಕರು ಅದರ ಮೇಲಿನ 58 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಅಂಥ ಕಾಯಿಲೆ ಇದೆ ಅನ್ನೋಕೆ ಆಧಾರ ಇಲ್ಲ ಅಂದರು. ಸುಸ್ತು ಸುಳ್ಳಲ್ಲ. ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಖಿನ್ನತೆ, ಇವುಗಳಿಂದ ಬರುವ ಸುಸ್ತಿಗೆ ಆ ಹೆಸರು ಕೊಟ್ಟುಬಿಟ್ಟರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ. 2018ರಲ್ಲಿ ಅಮೆರಿಕದಲ್ಲಿ ಇಂಥ 12 ಬಾಟಲಿಗಳನ್ನು ಪರೀಕ್ಷೆ ಮಾಡಿದರು. ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನ್ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಜಾತಿಯ ಹಾರ್ಮೋನ್ ಇತ್ತು. ಸ್ಟೀರಾಯ್ಡ್ ಬಿಡೋಕೆ ಹೊರಟವರು ಅದನ್ನೇ ಮತ್ತೆ ದುಡ್ಡು ಕೊಟ್ಟು ತಂದ ಹಾಗಾಯಿತು.

ಅಶ್ವಗಂಧ ಕೇಳುವವರು ಬಹಳ. ಕಾರ್ಟಿಸಾಲ್ ಇಳಿಸುತ್ತದೆ ಅಂತಲೇ ಅದನ್ನು ಮಾರುತ್ತಾರೆ. ನಿಮ್ಮ ತೊಂದರೆ ಕಾರ್ಟಿಸಾಲ್ ಕಮ್ಮಿ ಇರುವುದು. ಇನ್ನೂ ಇಳಿಸಿ ಏನು ಮಾಡುತ್ತೀರಿ? ಜ್ಯೇಷ್ಠಮಧುವನ್ನು ದಿನಾ ಜಾಸ್ತಿ ತಿಂದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕೆಮ್ಮಿಗೆ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಏನೂ ಆಗುವುದಿಲ್ಲ, ತಿಂಗಳುಗಟ್ಟಲೆ ಕಷಾಯ ಬೇಡ. ಅಡ್ರಿನಲ್ಲನ್ನು ಬೇಗ ಎಬ್ಬಿಸುವ ಸೊಪ್ಪು, ಬೇರು, ವಿಟಮಿನ್ ಯಾವುದೂ ಇಲ್ಲ. ಅದಕ್ಕೆ ಬೇಕಾಗಿರುವುದು ಸಮಯ. ಆ ಸಮಯದಲ್ಲಿ ಮೂಳೆ, ಸ್ನಾಯು ಕಾಪಾಡಿಕೊಳ್ಳೋಕೆ ಮಾತ್ರ ಊಟದಿಂದ ಬಹಳ ಸಹಾಯ ಆಗುತ್ತದೆ. ನಮ್ಮ ಹಾಸನದ ಕಡೆ ಮುದ್ದೆ ಇದ್ದೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೊತೆಗೆ ಹುರುಳಿ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿ.

ಈಗ ನಿದ್ದೆ. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಇದೇ ದೊಡ್ಡ ಕಷ್ಟ ಅಂತ ನನಗೆ ಗೊತ್ತು.

ಕಾರ್ಟಿಸಾಲ್ ನಡುರಾತ್ರಿಗೆ ತೀರಾ ಕೆಳಗಿರಬೇಕು ಅಂದೆ ಅಲ್ವಾ? ರಾತ್ರಿ ಊಟ ಆದಮೇಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ದೇಹಕ್ಕೆ ಅದು ಬೆಳಗಾದ ಹಾಗೆ. ಕಣ್ಣು ಮುಚ್ಚಿದರೂ ತಲೆ ಓಡುತ್ತಲೇ ಇರುತ್ತದೆ. ಇನ್ನೊಂದು ನಷ್ಟವೂ ಇದೆ. ರಾತ್ರಿಯ ಡೋಸ್ ಬೆಳಗಿನ ಜಾವ ಮೆದುಳು ಕಳಿಸಬೇಕಾದ ಸಂದೇಶವನ್ನೇ ಅದುಮಿಬಿಡುತ್ತದೆ, ಅಡ್ರಿನಲ್ ಏಳುವುದು ಇನ್ನೂ ತಡವಾಗುತ್ತದೆ. ಹಾಗಾಗಿ ದಿನಕ್ಕೊಂದೇ ಪ್ರೆಡ್ನಿಸೊಲೋನ್ ಇದ್ದವರು ಬೆಳಗ್ಗೆ ತಿಂಡಿ ಆದಕೂಡಲೇ ತೆಗೆದುಕೊಳ್ಳಿ. ಮಾತ್ರೆ ಪಟ್ಟಿಯನ್ನು ತಿಂಡಿ ತಟ್ಟೆ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ. ಎರಡು ಹೊತ್ತು ಬರೆದಿದ್ದರೆ ನೀವಾಗಿಯೇ ಬದಲಿಸಬೇಡಿ, ಎರಡನೆಯದನ್ನು ಮಧ್ಯಾಹ್ನಕ್ಕೆ ತರಬಹುದಾ ಅಂತ ವೈದ್ಯರನ್ನು ಕೇಳಿ. ಈ ಒಂದು ಬದಲಾವಣೆಯಿಂದಲೇ ನಿದ್ದೆ ಮರಳಿದವರನ್ನು ನೋಡಿದ್ದೇನೆ.

ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತೀರಾ? ಶುಗರ್ ನೋಡಿಸಿ. ಆದರೆ ಬೆಳಗ್ಗೆ ಖಾಲಿಹೊಟ್ಟೆಯ ಶುಗರ್ ನೋಡಿ ಸಮಾಧಾನ ಪಡಬೇಡಿ. ಬೆಳಗ್ಗೆ ತಿಂದ ಪ್ರೆಡ್ನಿಸೊಲೋನ್ ಶುಗರನ್ನು ಮಧ್ಯಾಹ್ನ, ಸಂಜೆ ಏರಿಸುತ್ತದೆ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿಸಿದರೆ ಸಿಕ್ಕಿಬೀಳುತ್ತದೆ. ಸ್ಟೀರಾಯ್ಡ್‌ನಿಂದ ಮೈ, ಕತ್ತು ದಪ್ಪಗಾದವರು ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗಾಗಿ ಬೆಚ್ಚಿ ಎದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಪಕ್ಕದಲ್ಲಿ ಮಲಗುವವರೇ ಇದನ್ನು ಹೇಳಬೇಕು, ಮಲಗಿದವರಿಗೆ ಗೊತ್ತಾಗುವುದಿಲ್ಲ. ಅಂಥವರಿಗೆ ನಿದ್ದೆ ಮಾತ್ರೆ ಕೊಟ್ಟರೆ ಅಪಾಯ.

ನಿದ್ದೆ ಮಾತ್ರೆಯ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ. ಸ್ಟೀರಾಯ್ಡ್‌ನಿಂದ ನಿದ್ದೆ ಕೆಟ್ಟಿತು ಅಂತ ಅಲ್ಪ್ರಜೋಲಾಂ ಶುರುವಾಗುತ್ತದೆ. ಸ್ಟೀರಾಯ್ಡ್ ಮುಗಿದರೂ ಅದು ಮುಗಿಯುವುದಿಲ್ಲ. ಈಗ ಬಿಡಬೇಕಾದ ಮಾತ್ರೆ ಎರಡು. ದಿನಾ ತಿನ್ನುತ್ತಿದ್ದವರು ಅದನ್ನೂ ಒಮ್ಮೆಗೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ವಾರ, ತಿಂಗಳುಗಳ ಮೇಲೆ ಇಳಿಸಬೇಕು. ಎರಡನ್ನೂ ಒಂದೇ ಸಲ ಇಳಿಸೋಕೆ ಹೋಗಬೇಡಿ. ಯಾವುದರಿಂದ ಏನಾಗುತ್ತಿದೆ ಅಂತ ನಿಮಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ನಾನು ಸ್ಟೀರಾಯ್ಡನ್ನು ಒಂದು ಸ್ಥಿರ ಡೋಸ್‌ಗೆ ತಂದು ನಿಲ್ಲಿಸಿ, ಆಮೇಲೆ ನಿದ್ದೆ ಮಾತ್ರೆಗೆ ಕೈ ಹಾಕುತ್ತೇನೆ.

ಮಾತ್ರೆ ಇಲ್ಲದೆ ನಿದ್ದೆ ಸರಿಮಾಡುವ ದಾರಿ ಏಳುವ ಹೊತ್ತಿನಿಂದ ಶುರುವಾಗುತ್ತದೆ. ರಾತ್ರಿ ನಿದ್ದೆ ಬರಲಿ ಬಿಡಲಿ, ದಿನಾ ಒಂದೇ ಗಂಟೆಗೆ ಏಳಿ. ಎದ್ದಕೂಡಲೇ ಅಂಗಳಕ್ಕೋ ಮಹಡಿಗೋ ಹೋಗಿ ಬೆಳಕು ನೋಡಿ. ಮೆದುಳಿನ ಗಡಿಯಾರ ಸರಿಹೋಗುವುದು ಆ ಬೆಳಕಿನಿಂದ. ಮಧ್ಯಾಹ್ನ ಮಲಗಲೇಬೇಕು ಅಂದರೆ ಮೂರು ಗಂಟೆಯ ಒಳಗೆ, ಅರ್ಧ ಗಂಟೆ ಸಾಕು. ಕಾಫಿ ಬೆಳೆಯುವ ಸೀಮೆಯ ಪಕ್ಕದಲ್ಲಿ ನಿಂತು ಈ ಮಾತು ಹೇಳೋಕೆ ಕಷ್ಟ, ಆದರೂ ಹೇಳಬೇಕು. ಕಾಫಿಯ ಕೆಫೀನ್ ಅರ್ಧ ಕರಗೋಕೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ಮಧ್ಯಾಹ್ನದ ಮೇಲೆ ಬೇಡ. ಹಾಸಿಗೆಗೆ ನಿದ್ದೆ ಬಂದಾಗಲೇ ಹೋಗಿ. ಇಪ್ಪತ್ತು ನಿಮಿಷದ ಹಾಗೆ ಹೊರಳಾಡಿದಿರಿ ಅನಿಸಿದರೆ ಎದ್ದು ಬೇರೆ ಕೋಣೆಯಲ್ಲಿ ಕೂತು, ಮಂದ ಬೆಳಕಿನಲ್ಲಿ ಏನಾದರೂ ಓದಿ, ತೂಕಡಿಕೆ ಬಂದಮೇಲೆ ವಾಪಸ್ ಬನ್ನಿ. ಗಡಿಯಾರ ನೋಡಬೇಡಿ. ಮೊದಲ ಒಂದೆರಡು ವಾರ ಇದು ಕಷ್ಟವೇ. ಬಿಡದೆ ಮಾಡಿದವರಿಗೆ ಫಲ ಸಿಗುತ್ತದೆ, ಮಾತ್ರೆಯ ಫಲಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ.

ನಿದ್ದೆ ಇಲ್ಲದ ರಾತ್ರಿಗಳಲ್ಲಿ ಬದುಕೇ ಬೇಡ ಅನಿಸಿದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಸ್ಟೀರಾಯ್ಡ್ ಏರಿಸುವಾಗಲೂ ಇಳಿಸುವಾಗಲೂ ಮನಸ್ಸಿನ ಮೇಲೆ ಪರಿಣಾಮ ಆಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆಮೇಲೆ ನಿಮ್ಮ ವೈದ್ಯರಿಗೂ ಹೇಳಿ. ಡೋಸ್ ಬದಲಿಸಿದರೆ ಎಷ್ಟೋ ಸಲ ಮನಸ್ಸು ತಿಳಿಯಾಗುತ್ತದೆ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು.

ಒಬ್ಬ ತಾಯಿ ಎದ್ದು ನಿಂತರು. ಮಗನಿಗೆ ಆಸ್ತಮಾ, ಇನ್‌ಹೇಲರ್‌ನಲ್ಲೂ ಸ್ಟೀರಾಯ್ಡ್ ಇದೆಯಂತೆ, ನಿಲ್ಲಿಸಬೇಕಾ ಅಂತ. ನಿಲ್ಲಿಸಬೇಡಿ ತಾಯಿ. ಇನ್‌ಹೇಲರ್‌ನ ಸಣ್ಣ ಡೋಸ್ ಹೆಚ್ಚಾಗಿ ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ. ಅದನ್ನು ಬಿಟ್ಟರೆ ಆಸ್ತಮಾ ಕೆರಳಿ, ಅದರ ಎಷ್ಟೋ ಪಟ್ಟು ಸ್ಟೀರಾಯ್ಡನ್ನು ಮಾತ್ರೆಯಲ್ಲೋ ಇಂಜೆಕ್ಷನ್‌ನಲ್ಲೋ ಕೊಡಬೇಕಾಗುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ. ಡೋಸ್ ಜಾಸ್ತಿ ಇದ್ದರೆ, ವರ್ಷಗಳಿಂದ ಇದ್ದರೆ, ಅವನ ಎತ್ತರ ಬೆಳೆಯುತ್ತಿದೆಯಾ ಅಂತ ಆಗಾಗ ಅಳೆಸಿ.

ಉಪವಾಸದ ಬಗ್ಗೆ ಇಬ್ಬರು ಕೇಳಿದರು, ಒಬ್ಬರು ಏಕಾದಶಿಗೆ, ಇನ್ನೊಬ್ಬರು ರಂಜಾನ್‌ಗೆ. ಅಡ್ರಿನಲ್ ಇನ್ನೂ ಚೇತರಿಸಿಕೊಳ್ಳದವರಿಗೆ ಇಡೀ ದಿನದ ಉಪವಾಸದಲ್ಲಿ ಶುಗರ್, ಬಿ.ಪಿ. ಎರಡೂ ಕುಸಿಯಬಹುದು. ನೀರೂ ಕುಡಿಯದ ಉಪವಾಸ ಇನ್ನೂ ಕಷ್ಟ. ಶಿವರಾತ್ರಿಯ ಜಾಗರಣೆಗೂ ಇದೇ ಮಾತು. ಕಾಯಿಲೆಯವರಿಗೆ ವಿನಾಯಿತಿ ಎರಡೂ ಧರ್ಮದಲ್ಲಿ ಇದೆ. ಈ ವರ್ಷ ಅದನ್ನು ಬಳಸಿಕೊಳ್ಳಿ.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೊನೆಯಲ್ಲಿ ಕೇಳಿದರು. "ಸರ್, ಪ್ರತಿ ವರ್ಷ ಶಬರಿಮಲೆಗೆ ಹೋಗುತ್ತೇನೆ. ಈಗ 5 ಮಿಲಿಗ್ರಾಂಗೆ ಇಳಿದಿದ್ದೇನೆ. ಹೋಗಬಹುದಾ?" ಬಹುಪಾಲು ಜನ ಹೋಗಬಹುದು, ತಯಾರಿ ಬೇಕು. ವ್ರತದ ದಿನಗಳಲ್ಲಿ ಒಂದು ಹೊತ್ತಿನ ಊಟ ಅಂತ ಇದ್ದರೆ ಅದನ್ನು ಎರಡಾದರೂ ಮಾಡಿಕೊಳ್ಳಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು. ಪಂಪೆಯಿಂದ ಮೇಲಕ್ಕೆ ಹತ್ತುವ ದಿನ ಸ್ವಲ್ಪ ಜಾಸ್ತಿ ಡೋಸ್ ಬೇಕಾ ಅನ್ನುವುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. ಮಾತ್ರೆಯನ್ನು ಎರಡು ಕಡೆ ಇಡಿ, ಸ್ವಲ್ಪ ನಿಮ್ಮ ಜೇಬಿನಲ್ಲಿ, ಸ್ವಲ್ಪ ಜೊತೆಯವರ ಹತ್ತಿರ. ನೂಕುನುಗ್ಗಲಿನಲ್ಲಿ ಒಂದು ಚೀಲ ಕಳೆದರೂ ಇನ್ನೊಂದು ಇರುತ್ತದೆ. ಚೀಟಿ ಜೇಬಿನಲ್ಲಿರಲಿ. ಗುರುಸ್ವಾಮಿಗೆ ನಿಮ್ಮ ವಿಷಯ ತಿಳಿಸಿಡಿ, ವಾಂತಿ, ತಲೆಸುತ್ತು ಶುರುವಾದರೆ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ ದಾರಿಯ ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕು ಅಂತ. ಮಾಲೆ ಹಾಕುವ ಮೊದಲೇ ಒಂದು ಸಲ ಬೆಳಗಿನ ಕಾರ್ಟಿಸಾಲ್ ಮಾಡಿಸಿಕೊಂಡು ಬನ್ನಿ, ಆ ರಿಪೋರ್ಟ್ ನೋಡಿ ಮುಂದಿನದನ್ನು ಕೂತು ಮಾತಾಡೋಣ.